ಬೆಲ್ಲ ಕೇಳದ ಬೆಲ್ಲಪ್ಪ

ಕೆಂಚನಗಟ್ಟಿಯಿಂದ ಪಡುವಣಕ್ಕೆ ಹೊರಟರೆ ಹತ್ತಿಯ ಹೊಲಗಳು ಮುಗಿದು ಬಂಡೆಗಳ ಸೀಮೆ ಶುರುವಾಗುತ್ತದೆ. ಯಾರೋ ಹೇರಿಟ್ಟು ಮರೆತುಹೋದಂತೆ ಬಂಡೆಯ ಮೇಲೆ ಬಂಡೆ ಕುಳಿತ ಒಂದು ಗುಡ್ಡ. ಅದನ್ನು ಬಳಸಿಕೊಂಡು ಏರುವ ಒಂದು ಹಳೆಯ ಬಂಡಿದಾರಿ. ದಾರಿ ಮುಗಿಯುವ ನೆತ್ತಿಯಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ದೊಣೆ. ಈ ದಾರಿ ಅರ್ಧ ಏರಿದ ಮೇಲೆ ಥಟ್ಟನೆ ಎಡಕ್ಕೆ ಹೊರಳುವ ಕಡೆ ಒಂದು ಮುದಿ ಬೇವಿನ ಮರವಿದೆ. ಮರದ ಮಗ್ಗುಲಲ್ಲಿ ಸುಣ್ಣ ಬಳಿದ ಪುಟ್ಟ ಗುಡಿ. ಗುಡ್ಡಕ್ಕೆ ಬೆಲ್ಲಪ್ಪನ ಗುಡ್ಡವೆಂದೂ ತಿರುವಿಗೆ ಬೆಲ್ಲಪ್ಪನ ತಿರುವೆಂದೂ ಹೆಸರು. ಗುಡಿಯೊಳಗೆ ಮೂರ್ತಿಯಿಲ್ಲ. ಒಂದು ಗುಂಡುಕಲ್ಲು, ಕಲ್ಲಿನ ಮುಂದೆ ಭಕ್ತರು ಇಟ್ಟ ಬೆಲ್ಲದ ರಾಶಿ, ಬೆಲ್ಲದ ಮೇಲೆ ಇರುವೆಗಳ ರಾಶಿ. ಸಂಜೆ ಇಳಿಬಿಸಿಲಿಗೆ ಬಂಡೆಗಳ ಸಂದಿಯಿಂದ ಕರಡಿಗಳು ಹೊರಬಂದು ಬೆಲ್ಲವನ್ನೂ ಇರುವೆಗಳನ್ನೂ ಒಟ್ಟಿಗೇ ನೆಕ್ಕಿಕೊಂಡು ಹೋಗುತ್ತವೆ. ಈ ಗುಡಿಯ ಪ್ರಸಾದ ನಿಜವಾಗಿ ದಕ್ಕುವುದು ಅವುಗಳಿಗೆ ಮಾತ್ರ.

ಗುಡ್ಡದ ಬುಡದಲ್ಲಿ ಹಸಿರು ಬಣ್ಣದ ಒಂದು ಫಲಕ ನಿಲ್ಲಿಸಿದ್ದಾರೆ. ಬೆಲ್ಲಪ್ಪನೆಂಬ ಮಹಾಮಹಿಮನು ಬರಗಾಲದಲ್ಲಿ ಇಲ್ಲಿನ ಬಂಡೆಗಳನ್ನು ಬೆಲ್ಲ ಮಾಡಿ ಹಸಿದವರಿಗೆ ಹಂಚಿದನಂತೆ. ಹಂಚಿದ ಮೇಲೆ ಇಷ್ಟು ಬಂಡೆ ಉಳಿದದ್ದು ಹೇಗೆ ಎಂದು ಕೇಳುವ ಬುದ್ಧಿ ಬರೆಸಿದವರಿಗೆ ಇರಲಿಲ್ಲ, ಓದುವವರಿಗೂ ಇಲ್ಲ. ಭಾನುವಾರ ಭಾನುವಾರ ಪಟ್ಟಣದಿಂದ ಸೈಕಲ್ ಸವಾರರ ಹಿಂಡು ಬರುತ್ತದೆ. ಮೈಗೆ ಅಂಟಿದ ಬಣ್ಣದ ಬಟ್ಟೆ, ತಲೆಗೆ ಬುಟ್ಟಿಯಂಥ ಟೋಪಿ, ಕಣ್ಣಿಗೆ ಕನ್ನಡಿ. ನಿಸರ್ಗ ನೋಡಲು ಬರುತ್ತೇವೆ ಎನ್ನುತ್ತಾರೆ. ನೋಡುವುದು ಕೈಯಲ್ಲಿನ ಮೊಬೈಲನ್ನು. ಅವರೂ ಫಲಕ ಓದುತ್ತಾರೆ, ತಲೆದೂಗುತ್ತಾರೆ, ಕೆಳಗಿನ ಅಂಗಡಿಯಲ್ಲಿ ಒಂದು ಅಚ್ಚು ಬೆಲ್ಲ ಕೊಂಡು ಗುಡಿಯ ಮುಂದಿಟ್ಟು ಕೈಮುಗಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಹೋದ ವರ್ಷ ಅವರಲ್ಲೊಬ್ಬನನ್ನು ನಿಲ್ಲಿಸಿ, ‘ಏನಪ್ಪಾ, ನಿನ್ನ ಗಾಡಿಗೆ ಬೆಲ್ಲು ಇಲ್ಲವಲ್ಲ?’ ಎಂದು ಕೇಳಿದೆ. ‘ವೇಟ್ ಜಾಸ್ತಿ ಆಗುತ್ತೆ ಅಂಕಲ್, ತೆಗೆಸಿಬಿಟ್ಟೆ’ ಎಂದ. ಎದುರಿಗೆ ಬೆಲ್ಲಪ್ಪನ ಗುಡಿ. ಅವನ ಕೈಯಲ್ಲಿ ಬೆಲ್ಲ. ನಾನು ಪಕ್ಕಕ್ಕೆ ಸರಿದು ನಿಂತೆ. ಕೋಣನ ಮುಂದೆ ಕಿನ್ನರಿ ಬಾರಿಸುವ ವಯಸ್ಸು ನನ್ನದಲ್ಲ. ಓದುವವರು ಕೋಣಗಳಲ್ಲವೆಂಬ ಭರವಸೆಯ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ನಮ್ಮ ಅಜ್ಜಂದಿರು ಇನ್ನೂ ಲಂಗೋಟಿಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ, ಕೆಂಚನಗಟ್ಟಿಗೆ ಹತ್ತಿಯ ಗಿರಣಿ ಬಂತು. ಗಿರಣಿ ಕಟ್ಟಲು ಈ ಗುಡ್ಡದಿಂದಲೇ ಕಲ್ಲು ಒಡೆದು ಸಾಗಿಸಿದರು. ಇಂದಿನ ಬಂಡಿದಾರಿ ಆಗ ಆದದ್ದು. ಗಿರಣಿ ನಡೆಸಲು ಕಡಲಾಚೆಯಿಂದ ಒಬ್ಬ ದೊರೆ ಬಂದ. ಮ್ಯಾಕಿನನ್ ಎಂಬ ಅವನ ಹೆಸರು ನಮ್ಮವರ ಬಾಯಲ್ಲಿ ಮಾಕಣ್ಣನಾಯಿತು. ತಾನು ಇಂಗ್ಲೆಂಡಿನವನಲ್ಲ, ಸ್ಕಾಟ್ಲೆಂಡಿನವನು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದನಂತೆ. ಊರಿನವರಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ, ಬೆಳ್ಳಗಿದ್ದವರೆಲ್ಲ ದೊರೆಗಳೇ. ಅವನ ನಾಡಿನಲ್ಲಿ ರಜೆಯ ದಿನ ಊರಿನ ಜನ ಗುಂಪುಕಟ್ಟಿ ಸೈಕಲ್ ಏರಿ ಗುಡ್ಡಗಾಡಿಗೆ ಹೋಗಿ, ಕೆರೆಯ ದಂಡೆಯಲ್ಲಿ ರೊಟ್ಟಿ ತಿಂದು, ಜಿಂಕೆಗಳನ್ನು ನೋಡಿ, ನೀರುನಾಯಿಗಳನ್ನು ನೋಡಿ, ಮರಳುತ್ತಿದ್ದರಂತೆ. ಇಲ್ಲಿಯೂ ಹಾಗೇ ಆಗಬೇಕೆಂದು ಅವನಿಗೆ ಹುಚ್ಚು ಹತ್ತಿತು. ಸಮುದ್ರದ ಆಚೆಯಿಂದ ಸೈಕಲ್ಲುಗಳನ್ನು ತರಿಸಿ ಊರಿನ ಗಣ್ಯರನ್ನು ಕೂಡಿಸಿ ಒಂದು ಸೈಕಲ್ ಸಂಘ ಮಾಡಿದ. ಸಂಘ ಎಲ್ಲರದು ಎಂದು ಭಾಷಣವನ್ನೂ ಮಾಡಿದನಂತೆ.

ಸಂಘದ ಮುಂದಾಳು ಅಡಿವೆಪ್ಪ ದೇಸಾಯಿ. ಊರಿನ ಅರ್ಧ ಭೂಮಿ ಅವನದು, ಉಳಿದ ಅರ್ಧದ ಮೇಲೆ ಅವನ ಕಣ್ಣು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎನ್ನುತ್ತಾರೆ. ಇವನು ಸೈಕಲ್ ಮೇಲೆ ಕುಳಿತೂ ಕೊಡೆ ಹಿಡಿಸಿಕೊಂಡವನು. ಏರಿನಲ್ಲಿ ಆಳುಗಳು ಹಿಂದಿನಿಂದ ನೂಕುತ್ತಿದ್ದರು, ಒಬ್ಬ ಪಕ್ಕದಲ್ಲಿ ಕೊಡೆ ಹಿಡಿದು ಓಡುತ್ತಿದ್ದ, ದೇಸಾಯಿ ಹ್ಯಾಂಡಲ್ ಹಿಡಿದು ಸವಾರಿ ಮಾಡುತ್ತಿದ್ದ. ಅವನ ಹಿಂದೆ ವಾಮನಾಚಾರ್ಯ ವಕೀಲರು, ಧೋತರದ ಚುಂಗು ಚೈನಿಗೆ ಸಿಕ್ಕೀತೆಂದು ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು. ಅವರ ಹಿಂದೆ ಇನ್ನೂ ನಾಲ್ಕಾರು ಜನ, ಹೆಸರು ನೆನಪಿಡುವ ಯೋಗ್ಯತೆ ಇಲ್ಲದವರು. ನೆತ್ತಿಯ ದೊಣೆಯ ದಂಡೆಯಲ್ಲಿ ಕುಳಿತು ಮಾಕಣ್ಣ ದೊರೆ ದುರ್ಬೀನು ಹಚ್ಚಿ ಹಕ್ಕಿ ನೋಡಿದರೆ, ಇವರು ಬುತ್ತಿ ಬಿಚ್ಚಿ ಹೋಳಿಗೆ ನೋಡುತ್ತಿದ್ದರು.

ಆದರೆ ಗುಡ್ಡ ಕರಡಿಗಳದು. ಇದನ್ನು ಮೊದಲು ಮನಗಂಡವನೂ ದೊರೆಯೇ ಎನ್ನಬೇಕು. ಕರಡಿ ಮನುಷ್ಯನನ್ನು ಹುಡುಕಿಕೊಂಡು ಬರುವ ಪ್ರಾಣಿಯಲ್ಲ. ಸಪ್ಪಳ ಕೇಳಿದರೆ ತಾನೇ ದಾರಿ ಬಿಟ್ಟು ಹೋಗುತ್ತದೆ. ಬಂಡಿ ಬಂದರೆ ಗಾಲಿ ಕಿರುಗುಡುತ್ತದೆ, ನಡೆದು ಬಂದರೆ ಮೆಟ್ಟು ಸಪ್ಪಳ ಮಾಡುತ್ತದೆ. ಸೈಕಲ್ ಮಾತ್ರ ಇಳಿಜಾರಿನಲ್ಲಿ ಗಾಳಿಯ ಹಾಗೆ ಸದ್ದಿಲ್ಲದೆ ಬರುತ್ತದೆ. ಬೇವಿನ ಮರದ ತಿರುವಿನಲ್ಲಿ ಮುಂದಿನದು ಕಾಣುವುದೇ ಇಲ್ಲ. ಮುಖಕ್ಕೆ ಮುಖ ಬಿದ್ದರೆ ಕರಡಿ ಹೆದರಿ ಮೈಮೇಲೆ ಬೀಳುತ್ತದೆ. ಅದಕ್ಕಾಗಿ ದೊರೆ ಒಂದು ಕಟ್ಟಳೆ ಮಾಡಿದ: ತಿರುವಿಗೆ ಮೊದಲು ಪ್ರತಿಯೊಬ್ಬನೂ ಸೈಕಲ್ಲಿನ ಬೆಲ್ಲು ಹೊಡೆಯಬೇಕು. ಗಣ್ಯರಿಗೆ ಇದು ಬಲು ಇಷ್ಟವಾಯಿತು. ಬೆಲ್ಲು ಹೊಡೆಯುವುದೆಂದರೆ ‘ದಾರಿ ಬಿಡು’ ಎಂದು ಅಪ್ಪಣೆ ಮಾಡುವುದು; ಊರಿನ ಜನರಂತೆ ಗುಡ್ಡದ ಕರಡಿಗಳೂ ತಮಗೆ ದಾರಿ ಬಿಡುತ್ತಿವೆಯೆಂದು ದೇಸಾಯಿ ಮೀಸೆ ತಿರುವುತ್ತಿದ್ದನಂತೆ.

ಈಗ ಹುಲಿಗೆಪ್ಪನ ಮಾತು. ಅವನು ಊರ ಹೊರಗಿನ ಕೇರಿಯವನು, ಗಿರಣಿಯಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುತ್ತಿದ್ದವನು. ಗುಡ್ಡದ ದಾರಿಯ ತುಂಬ ಜಾಲಿಯ ಮುಳ್ಳು. ಗಣ್ಯರ ಗಾಲಿಗಳು ಹೆಜ್ಜೆಗೊಮ್ಮೆ ಗಾಳಿ ಬಿಡುತ್ತಿದ್ದವು, ಪಂಕ್ಚರ್ ಹಾಕುವುದು ಯಾರಿಗೂ ಬರುತ್ತಿರಲಿಲ್ಲ, ಕಲಿಯುವುದು ಅವರ ಘನತೆಗೆ ತಕ್ಕುದಲ್ಲ. ಹಾಗಾಗಿ ದೊರೆ ಹುಲಿಗೆಪ್ಪನಿಗೂ ಒಂದು ಹಳೆಯ ಸೈಕಲ್ ಕೊಟ್ಟು ಸಂಘದ ಜೊತೆ ಬರಲು ಹೇಳಿದ. ಅಂದು ದೇಸಾಯಿಯ ವಾಡೆಯ ಮುಂದೆ ದೊಡ್ಡ ಪಂಚಾಯಿತಿಯೇ ನಡೆಯಿತಂತೆ. ಅವನ ಕೇರಿಯವರು ವಾಡೆಯ ಮುಂದೆ ಮೆಟ್ಟು ಹಾಕಿ ನಡೆಯುವಂತಿರಲಿಲ್ಲ. ಇವನು ಸೈಕಲ್ ಏರಿ ಬರುತ್ತಾನೆಂದರೇನು? ಗಾಲಿಯ ಗಾಳಿ ಹೋಗಿ ತಾವು ನಡೆದು ಬರುವುದಕ್ಕಿಂತ ಮೈಲಿಗೆ ವಾಸಿ ಎಂದು ಕಡೆಗೆ ವಕೀಲರು ದಾರಿ ತೋರಿಸಿದರು. ಹುಲಿಗೆಪ್ಪ ಬರಬಹುದು, ಎಲ್ಲರಿಗಿಂತ ಹಿಂದೆ. ಅವನು ಗಣ್ಯರ ಬೆನ್ನ ಹಿಂದೆ ಕೂಗಬಾರದು, ಹಾಡಬಾರದು. ಮತ್ತು ಅವನ ಸೈಕಲ್ಲಿಗೆ ಬೆಲ್ಲು ಇರಬಾರದು. ಅವನು ಬೆಲ್ಲು ಹೊಡೆದು ದಾರಿ ಬಿಡೆಂದು ಹೇಳುವುದಾದರೂ ಯಾರಿಗೆ?

ದೊರೆ ಏನು ಮಾಡಿದ ಎಂದು ಕೇಳಬೇಕು. ರೆಕ್ಕೆ ಮುರಿದ ಕವುಜುಗ ಹಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಕಣ್ಣೀರು ಹಾಕಿದವನು ಅವನು. ಕರಡಿಯ ಮರಿ ಎತ್ತಿಕೊಂಡು ಹೋದವರನ್ನು ಹಿಡಿಸಿ ಗದರಿಸಿದವನು. ಅಂಥವನು ‘ನಿಮ್ಮ ನಾಡಿನ ಪದ್ಧತಿ, ನಾನು ಅಡ್ಡ ಬರಲಾರೆ’ ಎಂದು ಜೇಬಿನಿಂದ ಪಾನಾ ತೆಗೆದು, ತನ್ನ ಕೈಯಾರೆ ಹುಲಿಗೆಪ್ಪನ ಸೈಕಲ್ಲಿನ ಬೆಲ್ಲು ಬಿಚ್ಚಿ ಅದೇ ಜೇಬಿಗೆ ಹಾಕಿಕೊಂಡ. ಕರಡಿಯ ಕಿವಿಯ ಬಗ್ಗೆ ಅಷ್ಟು ತಿಳಿದವನಿಗೆ ಮನುಷ್ಯನ ಜೀವದ ಬಗ್ಗೆ ತಿಳಿಯಲಿಲ್ಲ. ದೇಸಾಯಿಯ ಮೂರ್ಖತನವನ್ನು ನಾನು ಕ್ಷಮಿಸಿಯೇನು. ಅದು ಹುಟ್ಟಿನಿಂದ ಬಂದದ್ದು. ಈ ದೊರೆಯ ಮರ್ಯಾದಸ್ಥಿಕೆ ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಕೆಲವು ಭಾನುವಾರ ಹಾಗೆಯೇ ಕಳೆದವು. ಮುಂದಿನವರ ಬೆಲ್ಲಿನ ಸದ್ದಿನ ಬಾಲ ಹಿಡಿದು ಹುಲಿಗೆಪ್ಪ ತಿರುವು ದಾಟುತ್ತಿದ್ದ. ಒಮ್ಮೆ ತುಸು ಹಿಂದೆ ಬಿದ್ದಾಗ ತಿರುವಿನಲ್ಲಿ ಮರಿಗಳ ಜೊತೆಗಿದ್ದ ಹೆಣ್ಣು ಕರಡಿ ಎದುರಾಯಿತು. ಅಂದು ಅದು ಬುಸುಗುಟ್ಟಿ ಸರಿದುಹೋಯಿತು. ಮುಂದಿನ ಭಾನುವಾರ ಹೊರಡುವ ಮೊದಲು ಹುಲಿಗೆಪ್ಪ ವಾಡೆಯ ಅಂಗಳದಲ್ಲಿ ಕೈಮುಗಿದು ನಿಂತ.

‘ಧಣ್ಯಾರ, ನನಗೊಂದು ಬೆಲ್ಲು ಕೊಡಸ್ರಿ.’

‘ಬೆಲ್ಲು ಹೊಡದು ಯಾರಿಗೆ ದಾರಿ ಬಿಡು ಅಂತೀಯಲೇ ನೀನು? ನನಗೇನು?’ ಎಂದ ದೇಸಾಯಿ.

‘ನಿಮಗಲ್ರೀ, ಕರಡಿಗ್ರಿ. ನಾ ಬರೂದು ಅದಕ್ಕ ಕೇಳಂಗಿಲ್ರಿ. ಮನ್ಯಾಗ ಹೇಣ್ತಿ ಅದಾಳ್ರಿ, ಧಣ್ಯಾರ.’

ದೇಸಾಯಿ ಸುತ್ತಲಿನವರ ಮುಖ ನೋಡಿದ. ನಗಿಸುವ ಅವಕಾಶ ಸಿಕ್ಕರೆ ಬಿಡುವ ಪೈಕಿ ಅವನಲ್ಲ. ‘ಏ, ಇವಗ ಬೆಲ್ಲ ಬೇಕಂತಲೇ! ಒಳಗಿಂದ ಒಂದು ಉಂಡಿ ಬೆಲ್ಲ ತಂದು ಇವನ ಉಡಿಗೆ ಹಾಕ್ರಿ. ಕರಡಿ ಬಂದ್ರ ಅದಕ್ಕೂ ಒಂದೀಟು ಕೊಡು, ದಾರಿ ಬಿಡತೈತಿ’ ಎಂದ. ಅಂಗಳವೆಲ್ಲ ನಕ್ಕಿತು. ವಕೀಲರಂತೂ ಬೆಲ್ಲು, ಬೆಲ್ಲ, ಬೆಲ್ಲು, ಬೆಲ್ಲ ಎಂದು ತಿರುಗಿಸಿ ತಿರುಗಿಸಿ ಹೇಳಿ ಹೊಟ್ಟೆ ಹಿಡಿದುಕೊಂಡರಂತೆ. ಅಲ್ಲೇ ನಿಂತಿದ್ದ ದೊರೆಗೆ ಶ್ಲೇಷೆ ಅರ್ಥವಾಗಲಿಲ್ಲ. ಎಲ್ಲರೂ ನಗುತ್ತಿದ್ದಾರೆಂದು ತಾನೂ ನಕ್ಕ. ಕೊಟ್ಟ ಬೆಲ್ಲವನ್ನು ಬೇಡ ಎನ್ನುವ ಹಾಗಿರಲಿಲ್ಲ. ಹುಲಿಗೆಪ್ಪ ಅದನ್ನು ಟವೆಲಿನ ತುದಿಗೆ ಕಟ್ಟಿ ಸೊಂಟಕ್ಕೆ ಸುತ್ತಿಕೊಂಡು ಎಲ್ಲರಿಗಿಂತ ಹಿಂದೆ ಹೊರಟ.

ಅಂದು ಗಣ್ಯರು ಉಂಡು ಮುಗಿಸಿ ಇಳಿಯುವಾಗ ಎಂಜಲೆಲೆ ಎತ್ತಿ ಜಾಗ ಗುಡಿಸಿ ಬರುವುದಕ್ಕೆ ಹುಲಿಗೆಪ್ಪನನ್ನು ಹಿಂದೆ ಬಿಟ್ಟರು. ಇವರು ಬೆಲ್ಲು ಹೊಡೆಯುತ್ತ ತಿರುವಿಗೆ ಬಂದಾಗ ಕರಡಿ ಎಂದಿನಂತೆ ಮರಿಗಳನ್ನು ಕರೆದುಕೊಂಡು ಬಂಡೆಯ ಮರೆಗೆ ಹೋಯಿತು. ಸದ್ದೆಲ್ಲ ದೂರವಾಯಿತು. ಇನ್ನು ಯಾರೂ ಇಲ್ಲವೆಂದುಕೊಂಡು ಅದು ಉದುರಿದ ಬಾರಿಹಣ್ಣು ತಿನ್ನಲು ಮತ್ತೆ ದಾರಿಗೆ ಬಂತು. ಆ ಹೊತ್ತಿಗೆ ಹುಲಿಗೆಪ್ಪ ಇಳಿಜಾರಿನಲ್ಲಿ ಸದ್ದಿಲ್ಲದೆ ಬಂದ. ಕೂಗಬಾರದೆಂಬ ಕಟ್ಟಳೆ ಇತ್ತು, ಗಣ್ಯರು ಇನ್ನೂ ಕೂಗಳತೆಯಲ್ಲೇ ಇದ್ದರು, ಅವನು ಕೂಗಲಿಲ್ಲ. ಕುರಿ ಹೊಡೆದುಕೊಂಡು ಬಂದ ಕುರುಬರಿಗೆ ಸಿಕ್ಕಿದ್ದು ಬಿದ್ದ ಸೈಕಲ್, ಚೆಲ್ಲಿದ ಪಂಕ್ಚರಿನ ಸಾಮಾನು, ಅವನ ಹೆಣ. ಟವೆಲಿನ ಗಂಟು ಬಿಚ್ಚಿತ್ತು. ಬೆಲ್ಲವನ್ನು ಮರಿಗಳು ನೆಕ್ಕಿ ಮುಗಿಸಿದ್ದವು.

ಸತ್ತವನ ಬಾಯಿಗೆ ಮಣ್ಣು ಹಾಕುವುದರ ಜೊತೆಗೆ ಮಾತನ್ನೂ ತುರುಕುವುದು ದೊಡ್ಡವರ ಹಳೆಯ ಚಾಳಿ. ‘ಬೆಲ್ಲದ ಆಸೆಗೆ ಸತ್ತ, ಕೇಳಿ ಇಸಕೊಂಡಿದ್ದ’ ಎಂದು ದೇಸಾಯಿ ಊರ ತುಂಬ ಹೇಳಿಸಿದ. ಹುಲಿಗೆಪ್ಪನ ಹೆಂಡತಿ ಗಾಳೆವ್ವನ ಗುಡಿಸಲಿಗೆ ಒಂದು ಮೂಟೆ ಜೋಳ, ಅದರ ಮೇಲೆ ನಾಚಿಕೆಯಿಲ್ಲದೆ ಮತ್ತೊಂದು ಉಂಡೆ ಬೆಲ್ಲ, ಜೊತೆಗೆ ಕರಡಿಯನ್ನು ಕೊಲ್ಲಿಸುತ್ತೇನೆಂಬ ಮಾತನ್ನೂ ಕಳಿಸಿದ. ತಂದ ಆಳಿಗೆ ಗಾಳೆವ್ವ, ‘ಕರಡಿ ಮ್ಯಾಲ ನನಗ ಸಿಟ್ಟಿಲ್ಲ. ನನ್ನ ಗಂಡ ಬರತಾನಂತ ಅದಕ್ಕ ಯಾರೂ ಹೇಳಲಿಲ್ಲ’ ಎಂದು ಹೇಳಿ ತಂದದ್ದನ್ನೆಲ್ಲ ತಿರುಗಿ ಕಳಿಸಿದಳು. ಆಮೇಲೆ ನೆಟ್ಟಗೆ ದೊರೆಯ ಬಂಗಲೆಗೆ ನಡೆದಳು. ದೊರೆ ಏನೇನೋ ಕೊಡಲು ಬಂದ. ಅವಳು ಮುಟ್ಟಲಿಲ್ಲ. ‘ಅವನ ಬೆಲ್ಲು ನಿಮ್ಮ ಕಿಸೆದಾಗ ಐತಿ. ಕೊಡ್ರಿ’ ಎಂದಳು. ಬೆಲ್ಲು ನಿಜವಾಗಿ ಅವನ ಅಂಗಿಯ ಜೇಬಿನಲ್ಲೇ ಇತ್ತಂತೆ. ಅದನ್ನು ಅವಳ ಕೈಗಿಟ್ಟು ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಳುವುದಕ್ಕೆ ಹೋದ ಎನ್ನುತ್ತಾರೆ. ಅಳು ಅವನಿಗೆ ಸುಲಭವಾಗಿ ಬರುತ್ತಿತ್ತು ಎಂಬುದನ್ನು ಆಗಲೇ ಹೇಳಿದ್ದೇನೆ.

ಗಾಳೆವ್ವ ಆ ಬೆಲ್ಲನ್ನು ತಂತಿಯಿಂದ ಬೇವಿನ ಮರಕ್ಕೆ ಬಿಗಿದು ಅದರ ಕೆಳಗೆ ಕುಳಿತಳು. ಆಗ ಬೇವು ಎಳೆಯದು, ತೋಳಿನಷ್ಟು ದಪ್ಪ. ಸೌದೆಯವರು ಬರಲಿ, ಕುರಿಯವರು ಬರಲಿ, ‘ಬೆಲ್ಲು ಹೊಡದು ಹೋಗ್ರಿ’ ಎನ್ನುತ್ತಿದ್ದಳು. ಎಲ್ಲರೂ ಹೊಡೆದು ಹೋಗುತ್ತಿದ್ದರು. ಸುದ್ದಿ ದೇಸಾಯಿಗೆ ಮುಟ್ಟಿತು. ಕೇರಿಯ ಹೆಂಗಸೊಬ್ಬಳು ದಾರಿಯಲ್ಲಿ ಕುಳಿತು ಹೋಗುಬರುವವರಿಗೆ ಅಪ್ಪಣೆ ಮಾಡುವುದೆಂದರೇನು? ಮುಂದಿನ ಭಾನುವಾರವೇ ಸಂಘವನ್ನೆಲ್ಲ ಕಟ್ಟಿಕೊಂಡು, ಆಳುಗಳಿಂದ ನೂಕಿಸಿಕೊಂಡು, ಕೊಡೆಯ ನೆರಳಲ್ಲಿ ಏರಿ ಬಂದ. ಆ ದಿನ ಅವಳ ಮುಂದೆ ಬೆಲ್ಲು ಹೊಡೆಯುವುದು ಸೋಲೆಂದು ತನ್ನ ಬೆಲ್ಲನ್ನೂ ಹೊಡೆಯಲಿಲ್ಲ, ಹಿಂದಿನವರಿಗೂ ಹೊಡೆಯಗೊಡಲಿಲ್ಲ. ಗಾಳೆವ್ವ ಎದ್ದು ದಾರಿಗೆ ಅಡ್ಡ ನಿಂತಳು.

‘ಇಳೀರಿ ಧಣ್ಯಾರ. ಬೆಲ್ಲು ಹೊಡದು ಹೋಗ್ರಿ. ಇಲ್ಲಿ ನನ್ನ ಗಂಡಗ ದಾರಿ ಸಿಗಲಿಲ್ಲ.’

‘ಬಾಜೂಕ ಸರಿಯ ಏ!’ ಎಂದು ದೇಸಾಯಿ ಅಬ್ಬರಿಸಿದ. ಅಬ್ಬರಕ್ಕೆ ಉತ್ತರ ಬಂದದ್ದು ಅವಳಿಂದಲ್ಲ, ತಿರುವಿನ ಆಚೆಯ ಬಂಡೆಯ ಹಿಂದಿನಿಂದ. ಕರಡಿ ಬುಸುಗುಟ್ಟುವುದನ್ನು ಒಮ್ಮೆ ಕೇಳಿದವರು ಅದನ್ನು ಮತ್ತೊಂದೆಂದು ತಿಳಿಯುವುದಿಲ್ಲ. ಕೊಡೆಯವನು ಕೊಡೆ ಎಸೆದು ಓಡಿದ. ನೂಕುವವರು ಓಡಿದರು. ನೂಕುವವರಿಲ್ಲದೆ ಸೈಕಲ್ ನಿಲ್ಲಲಿಲ್ಲ. ದೇಸಾಯಿಯನ್ನು ದಾರಿಗೆ ಕೆಡವಿ ತಾನು ಕೊರಕಲಿಗೆ ಉರುಳಿತು, ಕಲ್ಲಿಗೊಮ್ಮೆ ತಾಗಿ ಅದರ ಬೆಲ್ಲು ತಾನಾಗಿ ಟ್ರಿಣ್ ಟ್ರಿಣ್ ಎನ್ನುತ್ತ ಕೆಳಗೆ ಹೋಗಿ ಸುಮ್ಮನಾಯಿತು. ಆಗ ದೇಸಾಯಿ ಮಂಡಿಯ ಮೇಲೆ ತೆವಳುತ್ತ ಬೇವಿನ ಮರ ತಬ್ಬಿದ, ಹುಲಿಗೆಪ್ಪನ ಬೆಲ್ಲು ಹೊಡೆಯತೊಡಗಿದ. ಕರಡಿ ಮರಿಗಳೊಂದಿಗೆ ಗುಡ್ಡದ ಆಚೆಗೆ ಹೋಯಿತು. ಅದು ಹೋದ ಮೇಲೂ ಅವನ ಬೆರಳು ನಿಲ್ಲಲಿಲ್ಲ. ‘ಹೊಡೀರಿ ಧಣ್ಯಾರ, ಅವಗ ಕೇಳಬೇಕು’ ಎಂದಳಂತೆ ಗಾಳೆವ್ವ. ಅವನ ಹಿಂದೆ ವಕೀಲರೂ ಉಳಿದ ಗಣ್ಯರೂ ಒಬ್ಬೊಬ್ಬರಾಗಿ ಸೈಕಲ್ ಇಳಿದು, ಸಾಲಾಗಿ ನಿಂತು, ಬೆಲ್ಲು ಹೊಡೆದು ಹೋದರು. ಅಂದಿನಿಂದ ಜನ ಆ ಜಾಗವನ್ನು ಬೆಲ್ಲಪ್ಪ ಎಂದರು. ಬೆಲ್ಲಿನ ಅಪ್ಪ, ಅಷ್ಟೇ ಅದರ ಅರ್ಥ.

ಮರುವರ್ಷ ದೊರೆ ತನ್ನ ನಾಡಿಗೆ ಹೋದ, ಸಂಘ ಮುರಿಯಿತು. ಗಾಳೆವ್ವ ಬದುಕಿರುವವರೆಗೆ ಬೆಲ್ಲಪ್ಪನಿಗೆ ಬೆಲ್ಲೇ ಪೂಜೆ. ಅವಳು ಹೋದ ಮೇಲೆ ದೇಸಾಯಿಯ ಮಕ್ಕಳಿಗೆ, ತಮ್ಮಪ್ಪ ಮಂಡಿಯೂರಿದ ಜಾಗ ಊರಿನವರ ಬಾಯಲ್ಲಿ ನಿಲ್ಲುವುದು ಬೇಡವೆನಿಸಿತು. ಹೆಸರು ಅಳಿಸಲು ಆಗಲಿಲ್ಲ, ಅರ್ಥವನ್ನು ಅಳಿಸಿದರು. ಗುಡಿ ಕಟ್ಟಿಸಿದರು, ಗುಂಡುಕಲ್ಲು ಇಟ್ಟರು, ಬೆಲ್ಲಪ್ಪನಿಗೆ ಬೆಲ್ಲವೇ ಪ್ರೀತಿಯೆಂದು ಸಾರಿದರು. ನಮ್ಮ ಜನ ಕೇಳಬೇಕೆ? ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು. ಹೊತ್ತು ಹೊತ್ತು ತಂದು ಸುರಿದರು. ಇಂದು ಅಲ್ಲಿ ಕೈಮುಗಿದು ಬೆಲ್ಲ ಇಡುವ ಪ್ರತಿಯೊಬ್ಬನೂ ಆ ವಾಡೆಯ ಅಂಗಳದ ಕುಹಕವನ್ನೇ ಇನ್ನೊಮ್ಮೆ ಆಡುತ್ತಾನೆ: ಬೆಲ್ಲು ಕೇಳಿದೆಯಲ್ಲ, ತಗೋ ಬೆಲ್ಲ. ಜೀವ ಉಳಿಸಿಕೊಳ್ಳಲು ಒಂದು ಸದ್ದು ಕೇಳಿದವನ ಮುಂದೆ, ಅವನನ್ನು ಕೊಂದ ಪ್ರಾಣಿಯನ್ನು ಕರೆಯುವ ತಿಂಡಿಯನ್ನು ದಿನವೂ ರಾಶಿ ಹಾಕುತ್ತೇವೆ. ಇದನ್ನು ಭಕ್ತಿ ಎನ್ನುವುದಾದರೆ ದೇಸಾಯಿಯೇ ನಮ್ಮ ಮೊದಲ ಭಕ್ತ.

ಬೆಲ್ಲು ಈಗಲೂ ಇದೆ. ಗುಡಿಗೆ ಬೆನ್ನು ಮಾಡಿ ಬೇವಿನ ಮರವನ್ನು ಎದೆಯೆತ್ತರದಲ್ಲಿ ನೋಡಿದರೆ ತೊಗಟೆಯಿಂದ ಬೆರಳ ತುದಿಯಷ್ಟು ತುಕ್ಕುಹಿಡಿದ ಕಬ್ಬಿಣ ಹೊರಚಾಚಿದೆ. ಮರ ಬೆಳೆಯುತ್ತ ಬೆಳೆಯುತ್ತ ಉಳಿದದ್ದನ್ನು ನುಂಗಿಕೊಂಡಿದೆ. ಒತ್ತಿದರೆ ಅಲುಗುವುದಿಲ್ಲ. ಬಂದವರು ಅದರ ಮೇಲೆ ಚೀಲ ತೂಗುಹಾಕುತ್ತಾರೆ. ಇನ್ನೊಂದನ್ನೂ ಅವರು ನೋಡುತ್ತಾರೆ, ನೋಡಿ ನಗುತ್ತಾರೆ. ಹೊತ್ತು ಇಳಿದ ಮೇಲೆ ಹುಲಿಗೆಪ್ಪನ ಕೇರಿಯ ಹೆಂಗಸರು ಸೌದೆಯ ಹೊರೆ ಹೊತ್ತು ಗುಡ್ಡ ಇಳಿಯುತ್ತಾರೆ. ತಿರುವು ಹತ್ತಿರವಾದಾಗ ನಡುವಯಸ್ಸಿನ, ಮೊಮ್ಮಕ್ಕಳಿರುವ ಆ ಹೆಂಗಸರು ಬಾಯಿಂದ ‘ಟ್ರಿಣ್ ಟ್ರಿಣ್, ಟ್ರಿಣ್ ಟ್ರಿಣ್’ ಎಂದು ಸೈಕಲ್ಲಿನ ಸದ್ದು ಮಾಡುತ್ತಾರೆ. ಪಟ್ಟಣದವರು ಮೊಬೈಲ್ ಎತ್ತಿ ಅದರ ಚಿತ್ರ ಹಿಡಿಯುತ್ತಾರೆ. ನಗಲಿ. ಆ ಹೆಂಗಸರಲ್ಲಿ ಒಬ್ಬಳ ಮೈಗೂ ಈ ತಿರುವಿನಲ್ಲಿ ಕರಡಿಯ ಉಗುರು ತಾಗಿಲ್ಲ. ಸದ್ದು ಮುಗಿಸಿ ಅವರು ಒಂದು ಮಾತನ್ನೂ ಕೂಗುತ್ತಾರೆ, ಬದುಕಿದ್ದಾಗ ಹುಲಿಗೆಪ್ಪ ಯಾರಿಗೂ ಹೇಳಲಾಗದ ಮಾತನ್ನು: ‘ದಾರಿ ಬಿಡ್ರೋ, ಹುಲಿಗೆಪ್ಪ ಬಂದಾನ!’